ಎಪ್ಪತ್ತು ಕೋಣೆಗಳ ಪ್ರಶ್ನೆ



ಅಲೆಕ್ಸಾಂಡ್ರಿಯಾ ನಗರದ ಒಂದು ಹಳೆಯ ಕಥೆ ಇದೆ. ಹೀಬ್ರೂ ಧರ್ಮಗ್ರಂಥವನ್ನು ಗ್ರೀಕ್ ಭಾಷೆಗೆ ತರಲು ಎಪ್ಪತ್ತು ಮಂದಿ ಪಂಡಿತರನ್ನು ಕರೆಸಿದರಂತೆ. ಒಬ್ಬೊಬ್ಬರನ್ನೂ ಒಂದೊಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರಂತೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದು. ಕೆಲಸ ಮುಗಿಸಿ ಹೊರಬಂದಾಗ ಎಪ್ಪತ್ತು ಅನುವಾದಗಳೂ ಅಕ್ಷರ ಬಿಡದೆ ಒಂದೇ ಆಗಿದ್ದುವಂತೆ!

1940ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಈ ಕಥೆಯನ್ನು ಅರ್ಥಶಾಸ್ತ್ರದ ಅಂಗಳಕ್ಕೆ ತಂದರು. ಅಂಕಿ ಅಂಶಗಳಿಂದ ಆರ್ಥಿಕತೆಯ ಸೂತ್ರ ಕಟ್ಟುವ ಎಪ್ಪತ್ತು ಮಂದಿಯನ್ನು ಇದೇ ರೀತಿ ಎಪ್ಪತ್ತು ಕೋಣೆಗಳಲ್ಲಿ ಕೂರಿಸಿದರೆ? ಎಲ್ಲರ ಕೈಗೂ ಒಂದೇ ಅಂಕಿಪಟ್ಟಿ ಕೊಟ್ಟರೆ? ಆ ಪವಾಡ ಮತ್ತೆ ನಡೆದೀತೇ? ಇದು ಕೇನ್ಸ್ ಎಸೆದ ಪ್ರಶ್ನೆ.

ಪ್ರಶ್ನೆಯ ಗುರಿ ಡಚ್ ವಿದ್ವಾಂಸ ಯಾನ್ ಟಿನ್‌ಬರ್ಗೆನ್. ಅವರು ಲೀಗ್ ಆಫ್ ನೇಷನ್ಸ್ ಸಂಸ್ಥೆಗಾಗಿ ಅಮೆರಿಕದ ವ್ಯಾಪಾರದ ಏರಿಳಿತಗಳನ್ನು ಸಮೀಕರಣಗಳಲ್ಲಿ ಹಿಡಿದಿದ್ದರು. ಆ ಕೃತಿ ಹೊರಬಂದದ್ದು 1939ರಲ್ಲಿ. ಅದರಲ್ಲಿ ಒಂದು ಅಂಶದ ಪರಿಣಾಮ ಇನ್ನೊಂದರ ಮೇಲೆ ಎಷ್ಟು ಕಾಲ ತಡೆದು ಬರುತ್ತದೆ ಎಂಬುದನ್ನು ತೀರ್ಮಾನಿಸಬೇಕಿತ್ತು. ಆ ಕಾಲವನ್ನು ಸರಿಯಾಗಿ ಕೂರುವವರೆಗೂ ಹಿಂದೆ ಮುಂದೆ ಎಳೆದಾಡಿದರೆ ಅದು ವಿಜ್ಞಾನ ಹೇಗಾದೀತು ಎಂಬುದು ಕೇನ್ಸ್ ಅವರ ದೂರು. ಟಿನ್‌ಬರ್ಗೆನ್ ಮುಂದೆ, 1969ರಲ್ಲಿ, ಅರ್ಥಶಾಸ್ತ್ರದ ಮೊದಲ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಆದರೆ ಆ ದೂರು ಸುಳ್ಳಾಗಲಿಲ್ಲ. ಸೂತ್ರದ ಒಳಗೆ ಯಾವುದು ಇರಬೇಕು, ಯಾವುದು ಬೇಡ, ಯಾರು ಹೇಳಬೇಕು? ಹೇಗೆ ಹೇಳಬೇಕು? ಈ ಹೊತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಮೊದಲು ಕಾಲಸರಣಿ ಎಂದರೇನು ನೋಡಿ. ತಿಂಗಳಿಗೊಮ್ಮೆ ಈರುಳ್ಳಿಯ ಬೆಲೆ ಬರೆದಿಡುತ್ತಾ ಹೋದರೆ ಅದೊಂದು ಕಾಲಸರಣಿ. ಮೂರು ತಿಂಗಳಿಗೊಮ್ಮೆ ಬರೆದಿಟ್ಟ ಕಾರ್ಖಾನೆಗಳ ಉತ್ಪಾದನೆಯೂ ಕಾಲಸರಣಿಯೇ. ಅದರ ವಿಶೇಷ ಇಷ್ಟು: ಇಂದಿನ ಅಂಕಿಗೆ ನಿನ್ನೆಯ ನೆನಪಿರುತ್ತದೆ. ಆದರೆ ಎಲ್ಲ ನಿನ್ನೆಗಳ ನೆನಪೂ ಇರುವುದಿಲ್ಲ. ಕೆಲವು ತಿಂಗಳು ಅಂಟಿಕೊಳ್ಳುತ್ತವೆ, ಕೆಲವು ಜಾರಿಹೋಗುತ್ತವೆ.

ಇದಕ್ಕೆ ಹೆಸರಾಂತ ಉದಾಹರಣೆ ಒಂದಿದೆ. ಜಾರ್ಜ್ ಬಾಕ್ಸ್ ಮತ್ತು ಗ್ವಿಲಿಮ್ ಜೆಂಕಿನ್ಸ್ 1970ರಲ್ಲಿ ಬರೆದ ಪುಸ್ತಕದಲ್ಲಿ ವಿಮಾನ ಪ್ರಯಾಣಿಕರ ಲೆಕ್ಕವಿದೆ. 1949ರಿಂದ 1960ರವರೆಗೆ, 12 ವರ್ಷ, 144 ತಿಂಗಳು. 1949ರ ಜನವರಿಯಲ್ಲಿ ಅಂತರರಾಷ್ಟ್ರೀಯ ಪ್ರಯಾಣಿಕರು 1 ಲಕ್ಷ 12 ಸಾವಿರ. 1960ರ ಜುಲೈ ಹೊತ್ತಿಗೆ 6 ಲಕ್ಷ 22 ಸಾವಿರ. ಆ ರೇಖೆಯನ್ನು ಮನಸ್ಸಿನಲ್ಲೇ ಎಳೆದುಕೊಳ್ಳಿ. ಎಡದಿಂದ ಬಲಕ್ಕೆ ಹತ್ತುವ ಬೆಟ್ಟಸಾಲು. ವರ್ಷಕ್ಕೊಂದು ಶಿಖರ, ಪ್ರತಿ ಬೇಸಿಗೆಯಲ್ಲೂ. ಒಂದೊಂದು ಶಿಖರವೂ ಹಿಂದಿನದಕ್ಕಿಂತ ಎತ್ತರ. ಈ ಇಡೀ ಬೆಟ್ಟಸಾಲನ್ನು ಅವರು ಎರಡೇ ಎರಡು ಸಹಗುಣಕಗಳಲ್ಲಿ, ಅಂದರೆ ಸೂತ್ರದೊಳಗಿನ ತೂಕದ ಸಂಖ್ಯೆಗಳಲ್ಲಿ, ಹಿಡಿದರು. ಅವರ ಸೂತ್ರ ನೇರವಾಗಿ ತಿರುಗಿ ನೋಡುವುದು ಕಳೆದ ತಿಂಗಳನ್ನು, ಹೋದ ವರ್ಷದ ಇದೇ ತಿಂಗಳನ್ನು ಮತ್ತು ಅದರ ಹಿಂದಿನ ತಿಂಗಳನ್ನು. ನಡುವಿನ ಹತ್ತು ತಿಂಗಳು ಸೂತ್ರದೊಳಗೆ ಕಾಲಿಡುವುದೇ ಇಲ್ಲ.

ಯಾವುದನ್ನು ಬಿಟ್ಟರು ಎಂಬುದೇ ಇಲ್ಲಿ ಜಾಣತನ. ಇಂಥ ಸೂತ್ರಕ್ಕೆ ಮಾದರಿ ಎಂದೂ, ಹೀಗೆ ಆಯ್ದ ಹಿಂದಿನ ಹೊತ್ತುಗಳ ವಿನ್ಯಾಸಕ್ಕೆ ಮಾದರಿಯ ರಚನೆ ಎಂದೂ ಹೇಳುತ್ತಾರೆ.

ಇಲ್ಲಿಯವರೆಗೆ ಕೇಳಿದ್ದು ಎರಡು ಮಾತು. ಒಂದು, ಇಂದಿನ ಅಂಕಿಗೆ ಹಿಂದಿನ ಕೆಲವು ಹೊತ್ತುಗಳ ನೆನಪಿದೆ. ಎರಡು, ಯಾವ ಹೊತ್ತು ಎಂದು ಆರಿಸಬೇಕು. ಈಗ, ಆ ಆಯ್ಕೆ ಎಷ್ಟು ಕಷ್ಟ ಎಂಬುದಕ್ಕೆ ಬರೋಣ.

ಪ್ರಯಾಣಿಕರದು ಒಂದೇ ಸರಣಿ. ಅದನ್ನು ಕಣ್ಣಿಟ್ಟು ನೋಡಿ ತೀರ್ಮಾನಿಸಬಹುದು. ಆರ್ಥಿಕತೆಯಲ್ಲಿ ಹಲವು ಸರಣಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. 1980ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಸಿಮ್ಸ್ ಒಂದು ದಾರಿ ತೋರಿಸಿದರು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಮೊದಲೇ ಹಟ ಹಿಡಿಯಬೇಡಿ, ಎಲ್ಲ ಸರಣಿಗಳೂ ಎಲ್ಲ ಸರಣಿಗಳ ಹಿಂದಿನ ಅಂಕಿಗಳನ್ನು ನೋಡಲಿ ಎಂಬುದು ಅದರ ತಿರುಳು. ಅದಕ್ಕೆ ವೆಕ್ಟರ್ ಆಟೋರಿಗ್ರೆಶನ್ ಎಂದು ಹೆಸರು. ಸಿಮ್ಸ್ ಅವರಿಗೆ 2011ರಲ್ಲಿ ನೊಬೆಲ್ ಬಂತು. ಇಂದು ಕೇಂದ್ರ ಬ್ಯಾಂಕುಗಳ ಸಂಶೋಧನೆಯಲ್ಲಿ ಇದು ದಿನಬಳಕೆಯ ಉಪಕರಣ.

ಚಿಕ್ಕದೊಂದು ಉದಾಹರಣೆ ತೆಗೆದುಕೊಳ್ಳಿ. ನಾಲ್ಕು ಸರಣಿಗಳಿವೆ: ಬೆಲೆ, ಉತ್ಪಾದನೆ, ಬಡ್ಡಿ, ಹಣದ ಪೂರೈಕೆ. ಮೂರು ತಿಂಗಳಿಗೊಂದು ಅಂಕಿ. ಒಂದೊಂದರಲ್ಲೂ ಹಿಂದಿನ ನಾಲ್ಕು ಅಂಕಿಗಳನ್ನು ನೋಡಬಹುದು. ಒಂದು ಸಮೀಕರಣಕ್ಕೆ 16 ಅಂಶವಾಯಿತು. ಸಮೀಕರಣ ನಾಲ್ಕು. ಒಟ್ಟು 64. ಈ 64 ಅಂಶಗಳಿಗೆ 64 ಸ್ವಿಚ್ಚುಗಳಿವೆ ಎಂದುಕೊಳ್ಳಿ. ಸ್ವಿಚ್ಚು ಹಾಕಿದರೆ ಆ ಅಂಶ ಸೂತ್ರದೊಳಗೆ. ತೆಗೆದರೆ ಹೊರಗೆ.

ಚದುರಂಗದ ಹಲಗೆಗೂ 64 ಮನೆ. ರಾಜನ ಬಳಿ ಕಾಳು ಬೇಡಿದವನ ಕಥೆ ನಿಮಗೆಲ್ಲ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹಲಗೆ ತುಂಬುವ ಮೊದಲೇ ರಾಜನ ಕಣಜ ಬರಿದಾಯಿತು. 64 ಸ್ವಿಚ್ಚುಗಳಿಂದ ಹುಟ್ಟುವ ಮಾದರಿಗಳ ಸಂಖ್ಯೆ ಆ ಕಾಳುಗಳ ಲೆಕ್ಕಕ್ಕಿಂತ ಸರಿಯಾಗಿ ಒಂದು ಹೆಚ್ಚು. ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು 1 ಲಕ್ಷ 80 ಸಾವಿರದಿಂದ ಗುಣಿಸಿದರೆ ಹೆಚ್ಚುಕಡಿಮೆ ಅಷ್ಟು. ಕಂಪ್ಯೂಟರ್ ಒಂದು ಸೆಕೆಂಡಿಗೆ 10 ಲಕ್ಷ ಮಾದರಿಗಳನ್ನು ಪರೀಕ್ಷಿಸುತ್ತದೆ ಎಂದೇ ಇಟ್ಟುಕೊಳ್ಳಿ. ಎಲ್ಲವನ್ನೂ ನೋಡಿ ಮುಗಿಸಲು 6 ಲಕ್ಷ ವರ್ಷದ ಹತ್ತಿರ ಬೇಕು.

ಸಿಮ್ಸ್ 1980ರಲ್ಲಿ ಬಳಸಿದ್ದು ನಾಲ್ಕಲ್ಲ, ಆರು ಸರಣಿ. ಅಲ್ಲೂ ಹಿಂದಿನ ನಾಲ್ಕು ಅಂಕಿಗಳನ್ನು ನೋಡಿದರೆ 144 ಸ್ವಿಚ್ಚು. ಆಗ ಮಾದರಿಗಳ ಸಂಖ್ಯೆಯನ್ನು ಬರೆಯಲು 44 ಅಂಕೆ ಬೇಕು.

ಒಂದೊಂದೇ ಸಮೀಕರಣ ಬಿಡಿಸಿ ನೋಡಿದರೆ ಹಗುರವಾಗದೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಮೀಕರಣಗಳ ತಪ್ಪುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಳಗಿನ ಅಂಶಗಳು ಬೇರೆ ಬೇರೆಯಾದೊಡನೆ ಎಲ್ಲವನ್ನೂ ಒಟ್ಟಿಗೆ ಅಳೆದರೇ ಮೇಲು ಎಂದು ಆರ್ನಾಲ್ಡ್ ಝೆಲ್ನರ್ 1962ರಲ್ಲೇ ತೋರಿಸಿದ್ದರು. ಒಂದು ಕಡೆ ಸ್ವಿಚ್ಚು ಮುಟ್ಟಿದರೆ ಇನ್ನೊಂದು ಕಡೆಯ ಲೆಕ್ಕವೂ ಅಲುಗುತ್ತದೆ.

ಹಾಗಾದರೆ ಸಮಸ್ಯೆ ಇದು: ಮಾದರಿಗಳು ಲೆಕ್ಕವಿಲ್ಲದಷ್ಟು, ಎಲ್ಲವನ್ನೂ ನೋಡಲು ಆಯುಷ್ಯ ಸಾಲದು. ಹುಡುಕುವ ಮುನ್ನ ಇನ್ನೊಂದು ಮಾತು ಇತ್ಯರ್ಥವಾಗಬೇಕು. ಯಾವ ಮಾದರಿ ಒಳ್ಳೆಯದು ಎಂದು ಅಳೆಯುವ ಕೋಲು ಯಾವುದು?

ಅಂಶಗಳನ್ನು ಹೆಚ್ಚಿಸಿದಷ್ಟೂ ಸೂತ್ರ ಹಳೆಯ ಅಂಕಿಗೆ ಚೆನ್ನಾಗಿ ಹೊಂದುತ್ತದೆ. ಆ ಹೊಂದಾಣಿಕೆಯನ್ನೇ ನಂಬಿದರೆ 64 ಸ್ವಿಚ್ಚುಗಳನ್ನೂ ಹಾಕಿಬಿಡಬೇಕಾಗುತ್ತದೆ. ಹಾಗೆ ಮಾಡಿದ ಸೂತ್ರ ಹಳೆಯದನ್ನು ಬಾಯಿಪಾಠ ಒಪ್ಪಿಸುತ್ತದೆ, ನಾಳೆಯ ಮಾತು ಬಂದರೆ ತಡವರಿಸುತ್ತದೆ.

ಈ ಗಂಟನ್ನು ಬಿಡಿಸಿದವರು ಜಪಾನಿನ ಹಿರೊತ್ಸುಗು ಅಕೈಕೆ. ಟೋಕಿಯೊದ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದವರು. ರೇಷ್ಮೆ ನೂಲು ಬಿಚ್ಚುವ ಕೆಲಸದ ಮೇಲೂ, ಸಿಮೆಂಟ್ ಸುಡುವ ತಿರುಗು ಗೂಡುಗಳ ಹಿಡಿತದ ಮೇಲೂ ಲೆಕ್ಕ ಹಾಕಿದವರು. ಗೂಡಿನ ಏರಿಳಿತವನ್ನು ಸೂತ್ರದಲ್ಲಿ ಹಿಡಿಯುವಾಗ ಎಷ್ಟು ಹಿಂದಿನ ಅಂಕಿಗಳು ಬೇಕು ಎಂಬ ಪ್ರಶ್ನೆ ಅವರಿಗೆ ಎದುರಾಗಿತ್ತು. ಅದು ಪುಸ್ತಕದ ಪ್ರಶ್ನೆಯಲ್ಲ, ಬೆಂಕಿಯ ಮುಂದೆ ನಿಂತವರ ಪ್ರಶ್ನೆ. 1971ರ ಮಾರ್ಚ್ 16ರ ಬೆಳಗ್ಗೆ ಕೆಲಸಕ್ಕೆ ಹೊರಟಾಗ, ರೈಲಿನಲ್ಲಿ ಕೂರುತ್ತಿದ್ದಂತೆ, ಉತ್ತರ ಹೊಳೆಯಿತು ಎಂದು ಅವರೇ ನೆನಪಿಸಿಕೊಂಡಿದ್ದಾರೆ. ಸೂತ್ರ ಎಷ್ಟು ಹೊಂದಿಲ್ಲ ಎಂಬುದಕ್ಕೆ ಅಂಕ ಕೊಡಿ. ಅದಕ್ಕೆ ಒಂದೊಂದು ಸಹಗುಣಕಕ್ಕೂ 2 ಅಂಕದಂತೆ ದಂಡ ಸೇರಿಸಿ. ಒಟ್ಟು ಅಂಕ ಯಾವುದರದು ಕಡಿಮೆಯೋ ಆ ಮಾದರಿ ಮೇಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಗೆ ಅಕೈಕೆ ಗಣಿತದ ರೂಪ ಕೊಟ್ಟರು ಎನ್ನಬಹುದು.

1978ರಲ್ಲಿ ಗಿಡಿಯನ್ ಶ್ವಾರ್ಜ್ ದಂಡವನ್ನು ಬಿಗಿ ಮಾಡಿದರು. ಅವರ ಕೋಲಿನಲ್ಲಿ ಅಂಕಿಗಳು ಹೆಚ್ಚಿದಂತೆ ದಂಡವೂ ಏರುತ್ತದೆ. 120 ಅಂಕಿಗಳಿದ್ದರೆ ಒಂದು ಸಹಗುಣಕಕ್ಕೆ ಸುಮಾರು 4.8. ದಂಡ ಎಷ್ಟಿರಬೇಕು ಎಂಬ ಈ ಚರ್ಚೆಗೆ 1989ರಲ್ಲಿ ಕೈಹಾಕಿದವರಲ್ಲಿ ಸಿ. ಆರ್. ರಾವ್ ಒಬ್ಬರು. ಅಂಕಿ ಹೆಚ್ಚಿದಂತೆ ಸರಿಯಾದ ಮಾದರಿಗೇ ತಲುಪಿಸುವ ಒಂದು ವಿಧಾನವನ್ನು ಅವರು ವೂ ಎಂಬ ಸಂಶೋಧಕರ ಜೊತೆ ಪ್ರಕಟಿಸಿದರು. ಜಗತ್ತಿನ ಸಂಖ್ಯಾಶಾಸ್ತ್ರವನ್ನೇ ತಿದ್ದಿದ ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನಹಡಗಲಿಯಲ್ಲಿ. ಆ ಊರಿನ ಮಕ್ಕಳಿಗೆ ಈ ಹೆಸರು ಮಲ್ಲಿಗೆಯಷ್ಟೇ ಪರಿಚಯವಾಗಬೇಕು.

ಕೋಲು ಸಿಕ್ಕಿತು. ಅಂಕ ಕಡಿಮೆಯಾದಷ್ಟೂ ಮಾದರಿ ಒಳ್ಳೆಯದು. ಇನ್ನು ಉಳಿದದ್ದು ಹುಡುಕಾಟ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಇಡೀ ವಿಷಯದ ಜೀವ ಇಲ್ಲೇ ಇದೆ.

ಮಂಜು ಕವಿದ ಬೆಟ್ಟದ ನಾಡು ಎಂದುಕೊಳ್ಳಿ, ಅಲ್ಲಿ ತಗ್ಗು ಎಂದರೆ ಕಡಿಮೆ ಅಂಕ. ಒಬ್ಬಾತ ಅತಿ ತಗ್ಗಿನ ಜಾಗ ಹುಡುಕಬೇಕು. ಒಂದು ಮಾರು ದೂರ ಬಿಟ್ಟು ಏನೂ ಕಾಣದು. ಇಳಿಜಾರು ಇರುವ ಕಡೆಗಷ್ಟೇ ಹೆಜ್ಜೆ ಇಡುತ್ತಾ ಹೋದರೆ ಬೇಗ ಒಂದು ಗುಂಡಿಗೆ ಬಂದು ನಿಲ್ಲುತ್ತಾನೆ. ಯಾವ ಕಡೆ ಕಾಲಿಟ್ಟರೂ ಏರು. ಇದೇ ತಳ ಎಂದುಕೊಳ್ಳುತ್ತಾನೆ. ಒಂದು ದಿಬ್ಬ ದಾಟಿದ್ದರೆ ಆಚೆ ಆಳವಾದ ಕಣಿವೆಯೇ ಇತ್ತು. ಒಂದೊಂದೇ ಅಂಶ ತೆಗೆಯುತ್ತಾ ಹೋಗುವ ಹಳೆಯ ಪದ್ಧತಿಗಳಿಗೆ ಆಗುವುದು ಇದೇ.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಐಬಿಎಂ ಸಂಶೋಧಕರಾದ ಗುಂಟರ್ ಡ್ಯೂಕ್ ಮತ್ತು ಟೋಬಿಯಾಸ್ ಶೊಯರ್ 1990ರಲ್ಲಿ ಒಂದು ಸರಳ ಉಪಾಯ ಹೇಳಿದರು. ಹುಡುಕುವವನಿಗೆ ಸ್ವಲ್ಪ ಏರಲು ಬಿಡಿ. ಎಷ್ಟು ಏರಬಹುದು ಎಂಬುದಕ್ಕೆ ಒಂದು ಹೊಸ್ತಿಲು ಇಡಿ. ಹೊಸ್ತಿಲಿಗಿಂತ ಎತ್ತರದ ದಿಬ್ಬ ಬಂದರೆ ಹಿಂದಿರುಗಲಿ, ಕಡಿಮೆಯಿದ್ದರೆ ದಾಟಲಿ. ಹೊತ್ತು ಕಳೆದಂತೆ ಹೊಸ್ತಿಲನ್ನು ತಗ್ಗಿಸುತ್ತಾ ಬನ್ನಿ. ಕೊನೆಗೆ ಅದು ನೆಲಕ್ಕೆ ಸಮ. ಥ್ರೆಶ್‌ಹೋಲ್ಡ್ ಅಕ್ಸೆಪ್ಟಿಂಗ್ ಎಂದು ಅವರು ಇಟ್ಟ ಹೆಸರಿಗೆ ಹೊಸ್ತಿಲಿಗಿಂತ ಒಳ್ಳೆಯ ಕನ್ನಡ ಪದ ಬೇಕಿಲ್ಲ. ಅವರು ಇದನ್ನು ಪರೀಕ್ಷಿಸಿದ್ದು ವಿದ್ಯುನ್ಮಾನ ಹಲಗೆಯ ಮೇಲೆ 442 ತೂತು ಕೊರೆಯುವ ಯಂತ್ರದ ದಾರಿಯನ್ನು ಚಿಕ್ಕದು ಮಾಡುವ ಲೆಕ್ಕದಲ್ಲಿ. ಇದಕ್ಕೂ ಮೊದಲು, 1983ರಲ್ಲಿ, ಸ್ಕಾಟ್ ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಕಾದ ಲೋಹವನ್ನು ನಿಧಾನವಾಗಿ ಆರಿಸುವ ಕ್ರಮದಿಂದ ಇಂಥದೇ ಹುಡುಕಾಟವನ್ನು ರೂಪಿಸಿದ್ದರು. ಈ ಜಾತಿಯ ಉಪಾಯಗಳಿಗೆಲ್ಲ ಹ್ಯೂರಿಸ್ಟಿಕ್ ಎಂಬ ಹೆಸರಿದೆ. ಆರ್ಕಿಮಿಡೀಸ್ ಕೂಗಿದನೆನ್ನುವ ಯುರೇಕಾ ಪದದ ಮೂಲವೇ ಇದಕ್ಕೂ ಮೂಲ.

ಕಾಲಸರಣಿಯಲ್ಲಿ ಒಂದೇ ಒಂದು ಹೆಜ್ಜೆಯನ್ನು ಹತ್ತಿರದಿಂದ ನೋಡಿ. ಅಂಕಿಗಳು ವಿವರಣೆಗಾಗಿ ಹಿಡಿದವು. ಈಗಿನ ಮಾದರಿಯ ಅಂಕ 840. ಯಂತ್ರ ಕಣ್ಣುಮುಚ್ಚಿ ಒಂದು ಸ್ವಿಚ್ಚು ಮುಟ್ಟುತ್ತದೆ. ಅದು ಬೆಲೆಯ ಸಮೀಕರಣದಲ್ಲಿರುವ ಬಡ್ಡಿಯ ಸ್ವಿಚ್ಚು, ಒಂಬತ್ತು ತಿಂಗಳ ಹಿಂದಿನ ಬಡ್ಡಿಯದು. ಅದನ್ನು ತೆಗೆಯುತ್ತದೆ. ಸೂತ್ರದ ಹೊಂದಾಣಿಕೆ ಕೆಟ್ಟು ಅಂಕ 6ರಷ್ಟು ಏರುತ್ತದೆ. ಒಂದು ಸಹಗುಣಕ ಕಡಿಮೆಯಾದ್ದರಿಂದ ಶ್ವಾರ್ಜ್ ಕೋಲಿನ ದಂಡದಲ್ಲಿ 4.8 ಉಳಿಯುತ್ತದೆ. ಒಟ್ಟಿನಲ್ಲಿ 1.2ರಷ್ಟು ನಷ್ಟ. ಹೊಸ್ತಿಲು ಈಗ 3ರ ಎತ್ತರದಲ್ಲಿದೆ. ನಷ್ಟ ಅದಕ್ಕಿಂತ ಕಡಿಮೆ. ಯಂತ್ರ ಆ ಕೆಟ್ಟ ಮಾದರಿಯನ್ನೇ ಒಪ್ಪಿ ಮುಂದೆ ಹೋಗುತ್ತದೆ. ಇದೇ ಹೆಜ್ಜೆ ಕೊನೆಯ ಹಂತದ ಹತ್ತಿರ, ಹೊಸ್ತಿಲು 1ಕ್ಕೆ ಇಳಿದ ಮೇಲೆ ಬಂದಿದ್ದರೆ ನಿರಾಕರಿಸುತ್ತಿತ್ತು.

ಕೆಟ್ಟದ್ದನ್ನು ಯಾಕೆ ಒಪ್ಪಬೇಕು? ಕಾರಣ ಆರ್ಥಿಕತೆಯ ಸ್ವಭಾವದಲ್ಲೇ ಇದೆ. ಬಡ್ಡಿ ಏರಿದಾಗ ಹಣದ ಪೂರೈಕೆ ಬಿಗಿಯಾಗುವುದು ವಾಡಿಕೆ. ಎರಡೂ ಒಂದೇ ಹೊರೆಯನ್ನು ಎರಡು ಹೆಗಲಲ್ಲಿ ಹೊತ್ತಂತೆ. ಸೂತ್ರದೊಳಗೆ ಬಡ್ಡಿ ಕೂತಿದೆ. ಆ ಜಾಗಕ್ಕೆ ಹಣದ ಪೂರೈಕೆ ಬಂದರೆ ಇನ್ನೂ ಒಳ್ಳೆಯ ಮಾದರಿಯಾಗಬಹುದು. ಆದರೆ ಅದಕ್ಕೆ ಎರಡು ಹೆಜ್ಜೆ ಬೇಕು: ಒಂದನ್ನು ಕೆಳಗಿಳಿಸಬೇಕು, ಇನ್ನೊಂದನ್ನು ಕೂರಿಸಬೇಕು. ಮೊದಲ ಹೆಜ್ಜೆಯಲ್ಲಿ ಹೊರೆ ಹೊರಲು ಯಾರೂ ಇಲ್ಲದೆ ಅಂಕ ಕೆಡುತ್ತದೆ. ಆ ಕ್ಷಣದ ನಷ್ಟ ತಾಳದ ಪದ್ಧತಿ ಎರಡನೆಯ ಹೆಜ್ಜೆಗೆ ತಲುಪುವುದೇ ಇಲ್ಲ.

ಜರ್ಮನ್ ವಿದ್ವಾಂಸ ಪೀಟರ್ ವಿಂಕರ್ ಈ ಹೊಸ್ತಿಲಿನ ಉಪಾಯವನ್ನು ಅರ್ಥಮಿತಿಗೆ, ಅಂದರೆ ಅಂಕಿಗಳಿಂದ ಆರ್ಥಿಕತೆಯನ್ನು ಅಳೆಯುವ ಶಾಸ್ತ್ರಕ್ಕೆ, ತಂದು ವರ್ಷಗಟ್ಟಲೆ ಬೆಳೆಸಿದರು. ಹಲವು ಸರಣಿಗಳ ಮಾದರಿಯ ರಚನೆಯನ್ನು ಹೀಗೆ ಹುಡುಕುವ ಅವರ ಲೇಖನ ಬಂದದ್ದು 1995ರಲ್ಲಿ. ಪುಸ್ತಕ 2001ರಲ್ಲಿ. ಹೊಸ್ತಿಲಿನ ಎತ್ತರವನ್ನು ಕೂಡ ಮನಸ್ಸಿಗೆ ಬಂದಂತೆ ಇಡಬೇಡಿ ಎಂದರು. ಮೊದಲು ಅಲ್ಲಲ್ಲಿ ಸಾವಿರಾರು ಸ್ವಿಚ್ಚುಗಳನ್ನು ಮುಟ್ಟಿ ನೋಡಿ, ಅಂಕ ಎಷ್ಟೆಷ್ಟು ಅಲುಗುತ್ತದೆ ಎಂದು ಬರೆದಿಡಿ. ಆ ಪಟ್ಟಿಯಿಂದಲೇ ಹೊಸ್ತಿಲುಗಳನ್ನು ಆಯ್ದುಕೊಳ್ಳಿ. ಆ ನೆಲದ ದಿಬ್ಬ ಎಷ್ಟೆತ್ತರ ಎಂದು ನೆಲವೇ ಹೇಳಲಿ ಎಂಬ ವಿವೇಕ ಇದು. ಮುಂದೆ 2012ರಲ್ಲಿ ಇವಾನ್ ಸಾವಿನ್ ಎಂಬ ಸಂಶೋಧಕರ ಜೊತೆ ಸೇರಿ ರಷ್ಯಾ ಮತ್ತು ಜರ್ಮನಿಯ ಆರ್ಥಿಕ ಮುನ್ಸೂಚಕಗಳನ್ನು ಆರಿಸಲು ಕೂಡ ಹ್ಯೂರಿಸ್ಟಿಕ್ ಹುಡುಕಾಟವನ್ನೇ ಬಳಸಿದರು.

ಕೇಳುಗರೇ, ಮೂರು ಸಂಗತಿ ಕೈಯಲ್ಲಿವೆ: ಎಣಿಸಲಾಗದಷ್ಟು ಮಾದರಿಗಳು, ಅಳೆಯುವ ಕೋಲು, ದಿಬ್ಬ ದಾಟಿ ಹುಡುಕುವ ನಡಿಗೆ. ಇಲ್ಲಿ ಒಂದು ಎಚ್ಚರಿಕೆ ಬೇಕು.

1926ರಲ್ಲಿ ಬ್ರಿಟನ್ನಿನ ಉಡ್ನಿ ಯೂಲ್ ಎರಡು ಸರಣಿಗಳನ್ನು ಜೋಡಿಸಿ ತೋರಿಸಿದರು. ಇಂಗ್ಲೆಂಡಿನ ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ನಡೆಸಿದವು ಎಷ್ಟು ಪಾಲು ಎಂಬುದು ಒಂದು. ಸಾವಿನ ಪ್ರಮಾಣ ಇನ್ನೊಂದು. 1866ರಿಂದ 1911ರವರೆಗಿನ ಅಂಕಿಗಳು. ಎರಡರ ನಡುವಿನ ಸಹಸಂಬಂಧ 0.95, ಪೂರ್ಣ ಹೊಂದಾಣಿಕೆಯಾದ 1ರ ಹತ್ತಿರ. ಚರ್ಚಿನಲ್ಲಿ ಮದುವೆಯಾಗುವುದು ಕಡಿಮೆಯಾದ್ದರಿಂದ ಜನ ಸಾಯುವುದು ಕಡಿಮೆಯಾಯಿತೇ? ಇಲ್ಲ. ಎರಡೂ ಕಾಲ ಕಳೆದಂತೆ ಇಳಿಯುತ್ತಿದ್ದುವು, ಅಷ್ಟೆ. ಕೋಟಿಗಟ್ಟಲೆ ಮಾದರಿಗಳ ನಡುವೆ ಹುಡುಕುವ ಯಂತ್ರಕ್ಕೆ ಇಂಥ ಸುಳ್ಳು ನೆಂಟಸ್ತಿಕೆಗಳು ಕಾಲಿಗೆ ಎಡವುವಷ್ಟು ಸಿಗುತ್ತವೆ. ಹುಡುಕುವ ಶಕ್ತಿ ಹೆಚ್ಚಿದಂತೆ ಈ ಅಪಾಯವೂ ಹೆಚ್ಚುತ್ತದೆ. ಆದ್ದರಿಂದ ಕಡೆಯ ಒಂದಷ್ಟು ವರ್ಷದ ಅಂಕಿಗಳನ್ನು ಯಂತ್ರಕ್ಕೆ ತೋರಿಸದೆ ಬಚ್ಚಿಡಬೇಕು. ಆರಿಸಿದ ಮಾದರಿ ಆ ಬಚ್ಚಿಟ್ಟ ವರ್ಷಗಳನ್ನು ಹೇಗೆ ಮುಂಗಾಣುತ್ತದೆ ಎಂದು ಆಮೇಲೆ ನೋಡಬೇಕು. ಈ ಹೆಜ್ಜೆ ಬಿಟ್ಟ ಲೆಕ್ಕವನ್ನು ಒಪ್ಪಲಾಗದು.

ಈಗ ಕೇನ್ಸ್ ಅವರ ಎಪ್ಪತ್ತು ಕೋಣೆಗಳಿಗೆ ಮರಳಿ. ಹೊಸ್ತಿಲಿನ ಹುಡುಕಾಟ ಎಲ್ಲಿಂದಲೋ ಆರಂಭವಾಗುತ್ತದೆ, ಯಾವುದೋ ಸ್ವಿಚ್ಚು ಮುಟ್ಟುತ್ತದೆ. ಆದ್ದರಿಂದ ಎರಡು ಸಲ ಓಡಿಸಿದರೆ ಎರಡು ಉತ್ತರ ಬರಬಹುದು. ಹಲವರಿಗೆ ಇದು ದೋಷವಾಗಿ ಕಂಡಿದೆ. ನಿಜಕ್ಕೂ ಇದೇ ಇದರ ದೊಡ್ಡ ಗುಣ. ಎಪ್ಪತ್ತು ಬೇರೆ ಬೇರೆ ಜಾಗಗಳಿಂದ ಎಪ್ಪತ್ತು ಸಲ ಓಡಿಸಿ. ಒಂದು ಓಟಕ್ಕೆ ಇನ್ನೊಂದರ ಸುಳಿವಿಲ್ಲ. ಅವೇ ಎಪ್ಪತ್ತು ಕೋಣೆಗಳು! ಅರವತ್ತು ಓಟಗಳು ಒಂದೇ ಮಾದರಿಗೆ ಬಂದು ನಿಂತರೆ ಹುಡುಕಾಟವನ್ನು ನಂಬಬಹುದು. ಎಪ್ಪತ್ತೂ ಎಪ್ಪತ್ತು ದಿಕ್ಕಿಗೆ ಹೋದರೆ, ಹೆಜ್ಜೆಗಳು ಸಾಲವು ಎಂದಾದರೂ, ಈ ಅಂಕಿಗಳಿಂದ ಆ ರಚನೆ ತಿಳಿಯದು ಎಂದಾದರೂ ಅರ್ಥ. ಹೆಜ್ಜೆಗಳನ್ನು ಹೆಚ್ಚಿಸಿದಂತೆ ಓಟಗಳ ನಡುವಿನ ಅಂತರ ಹೇಗೆ ಕುಗ್ಗುತ್ತದೆ ಎಂಬುದನ್ನು ವಿಂಕರ್ ಮತ್ತು ಡೀಟ್ಮರ್ ಮಾರಿಂಗರ್ 2009ರಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ.

ಕೇನ್ಸ್ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ. ಯಾವ ಸರಣಿಗಳನ್ನು ಮೇಜಿನ ಮೇಲೆ ಇಡಬೇಕು, ಯಾವ ಕೋಲಿನಿಂದ ಅಳೆಯಬೇಕು ಎಂಬ ತೀರ್ಮಾನ ಇನ್ನೂ ಮನುಷ್ಯರದೇ. ಅಲ್ಲಿ ಎಪ್ಪತ್ತು ಮಂದಿ ಎಪ್ಪತ್ತು ಮಾತು ಹೇಳಬಹುದು. ಆದರೆ ಅದಾದ ಮೇಲಿನ ಎಳೆದಾಟ, ಕೇನ್ಸ್ ಅವರನ್ನು ಕೆರಳಿಸಿದ ಆ ಹಿಂದೆಮುಂದಾಟ, ಈಗ ಗುಟ್ಟಿನ ಕೆಲಸವಾಗಿ ಉಳಿಯಬೇಕಿಲ್ಲ. ಅದರ ನಿಯಮ ಬರೆದಿಡಬಹುದು. ಇನ್ನೊಬ್ಬರು ಅದನ್ನೇ ಮತ್ತೆ ಓಡಿಸಿ ನೋಡಬಹುದು.

ನಮ್ಮ ಕಾಲೇಜುಗಳ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಒಂದು ಮನವಿ. ಆರ್ ಎಂಬ ಗಣಕ ಭಾಷೆ ಉಚಿತ. ಅದರಲ್ಲಿ ಎನ್‌ಎಂಒಎಫ್ ಎಂಬ ಪೊಟ್ಟಣದೊಳಗೆ ಹೊಸ್ತಿಲಿನ ಹುಡುಕಾಟ ಸಿದ್ಧವಾಗಿದೆ. ಭಾರತೀಯ ರಿಸರ್ವ್ ಬ್ಯಾಂಕಿನ ದತ್ತಾಂಶ ತಾಣದಲ್ಲಿ ಬೆಲೆ, ಉತ್ಪಾದನೆ, ಬಡ್ಡಿ, ಹಣದ ಪೂರೈಕೆಯ ಸರಣಿಗಳೂ ಉಚಿತವಾಗಿವೆ. ನಾಲ್ಕು ಸರಣಿಗಳನ್ನು ಇಳಿಸಿಕೊಳ್ಳಿ. ಕಡೆಯ ಎರಡು ವರ್ಷಗಳನ್ನು ಬಚ್ಚಿಡಿ. ಎಪ್ಪತ್ತು ಸಲ ಓಡಿಸಿ. ಬಂದ ಎಪ್ಪತ್ತು ಉತ್ತರಗಳಲ್ಲಿ ಚೆಂದದ ಒಂದನ್ನು ಮಾತ್ರ ತೋರಿಸಬೇಡಿ, ಎಪ್ಪತ್ತನ್ನೂ ನಿಮ್ಮ ಪ್ರಬಂಧದಲ್ಲಿ ಬರೆಯಿರಿ.